ಮೂರನೇ ಮಹಡಿಗೆ ಬಂದ ಪಿಂಕಿ

ಮನುಷ್ಯನ ಭಾಷೆಗೂ ಪ್ರಾಣಿಗಳ ಕೂಗಿಗೂ ಇರುವ ವ್ಯತ್ಯಾಸದ ಬಗ್ಗೆ ಇಡೀ ಹೂಡಿ ಬಡಾವಣೆಯಲ್ಲಿ ನನ್ನಷ್ಟು ಅಧಿಕಾರದಿಂದ ಮಾತನಾಡಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ನಾನು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವನು. ಸದ್ಯಕ್ಕೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುತ್ತೇನೆ. 'ಒದ್ದೆ ಕೈಯಿಂದ ಯಂತ್ರವನ್ನು ಮುಟ್ಟಬಾರದು' ಎಂಬಂಥ ವಾಕ್ಯಗಳು ನನ್ನವೇ. ಅವುಗಳನ್ನು ಯಾರೂ ಓದುವುದಿಲ್ಲ. ಒದ್ದೆ ಕೈಯಿಂದ ಮುಟ್ಟಿದ ಮೇಲೆ ಓದುತ್ತಾರೆ!

ದಿನಚರಿಯನ್ನೂ ಬರೆಯುತ್ತೇನೆ. ಆದ್ದರಿಂದ ಮುಂದೆ ಹೇಳುವುದೆಲ್ಲ ನಡೆದದ್ದು ನಡೆದ ಹಾಗೆಯೇ ಇರುತ್ತದೆ ಎಂದು ಭರವಸೆ ಕೊಡಬಹುದಿತ್ತು. ಆದರೆ ನನ್ನ ದಿನಚರಿಯಲ್ಲಿ ನಾನು ಆಡುವ ಮಾತುಗಳು ನಿಜವಾಗಿ ಆಡಿದ್ದಕ್ಕಿಂತ ಸ್ವಲ್ಪ ಚೆನ್ನಾಗಿರುತ್ತವೆ ಎಂಬುದನ್ನು ಗಮನಿಸಿದ್ದೇನೆ. ಹಾಗಾಗಿ ಅನುಮಾನ ಬಂದ ಕಡೆಯಲ್ಲೆಲ್ಲ ನನ್ನ ಹೆಂಡತಿ ಶೈಲಾಳ ನೆನಪನ್ನೇ ಪ್ರಮಾಣವೆಂದು ತೆಗೆದುಕೊಂಡಿದ್ದೇನೆ. ಅವಳ ನೆನಪು ನನಗೆ ಅನುಕೂಲಕರವಾಗಿಲ್ಲ. ಅದು ನಿಜವೆನ್ನುವುದಕ್ಕೆ ಅದೇ ಸಾಕ್ಷಿ.

ನಾವು ಹೂಡಿಯಲ್ಲಿ ಒಂದು ಫ್ಲ್ಯಾಟ್ ಕೊಂಡಿದ್ದೆವು. ಮೂರನೇ ಮಹಡಿ. ಒಂದು ಕಡೆಯ ಕಿಟಕಿಯಿಂದ ಗಾಜಿನ ಟೆಕ್ ಪಾರ್ಕು, ಇನ್ನೊಂದು ಕಡೆಯಿಂದ ಹಳೆಯ ಊರಿನ ಹೆಂಚಿನ ಮನೆಗಳು, ತಿಪ್ಪೆ, ಎರಡು ತೆಂಗಿನಮರ. ಗೃಹಪ್ರವೇಶಕ್ಕೆ ಒಂದು ವಾರವಿದ್ದಾಗ ಹುಬ್ಬಳ್ಳಿಯಿಂದ ಶೈಲಾಳ ತಾಯಿ ಫೋನ್ ಮಾಡಿದರು. ಅತ್ತೆ ಅಲ್ಲಿ ಮಗನ ಮನೆಯಲ್ಲಿರುತ್ತಾರೆ. ಶೈಲಾ ಸ್ಪೀಕರ್ ಹಾಕಿದ್ದಳು.

"ಅಳಿಯಂದ್ರ, ಮನಿಯೊಳಗ ಮೊದಲ ಆಕಳಾ ಬರಬೇಕು ನೋಡ್ರಿ, ಕರು ಸಮೇತ. ಅದು ಒಳಗ ನಿಂತು ಒಂದ್ ಮಾತ್ ಆಡಿದ್ರ ಸಾಕು, ಮನಿ ತಣ್ಣಗಿರತೈತಿ," ಎಂದರು ಅತ್ತೆ.

ಇಲ್ಲಿ ನಾನು 'ಆಗಲಿ ಅತ್ತೆ' ಎನ್ನಬಹುದಿತ್ತು. ಎರಡೇ ಪದ. ಆದರೆ ಎಂ.ಎ. ಮಾಡಿದವನಿಗೆ ಎರಡು ಪದ ಎಲ್ಲಿ ಸಾಲುತ್ತದೆ!

"ಅತ್ತೆ, ಒಂದು ಸಣ್ಣ ತಿದ್ದುಪಡಿ," ಎಂದೆ. "ಹಸು ಮಾತಾಡೋದಿಲ್ಲ. ಕೂಗುತ್ತೆ."

ಆಮೇಲೆ ನಾನು ಏನೇನು ಹೇಳಿದೆ ಎಂಬುದು ದಿನಚರಿಯಲ್ಲಿ ಒಂದು ಪುಟದಷ್ಟಿದೆ. ಸಂಕ್ಷಿಪ್ತವಾಗಿ ಇಷ್ಟು: ಪ್ರಾಣಿಯ ಕೂಗು ಈಗ, ಇಲ್ಲಿ ಆಗುತ್ತಿರುವುದಕ್ಕೆ ಅಂಟಿಕೊಂಡದ್ದು. ಹಸಿವಾದರೆ ಕೂಗುತ್ತದೆ, ಕರು ಕಾಣದಿದ್ದರೆ ಕೂಗುತ್ತದೆ. 'ಹೋದ ವರ್ಷ ಹುಲ್ಲು ಚೆನ್ನಾಗಿತ್ತು' ಎಂದು ಯಾವ ಹಸುವೂ ಹೇಳಿಲ್ಲ. 'ನಾಳೆ ನೋಡೋಣ' ಎಂದಿಲ್ಲ. ಜೇನುಹುಳ ಕುಣಿದು ಹೂವಿನ ದಾರಿ ತೋರಿಸುತ್ತದೆ, ಸರಿ. ಆದರೆ ನಿನ್ನೆ ಪಕ್ಕದ ಹುಳ ಕುಣಿದದ್ದನ್ನು ಇವತ್ತು ಆಡಿಕೊಂಡು ನಗುವುದಿಲ್ಲ. ಮನುಷ್ಯ ಮಾತ್ರ ಇಲ್ಲದ್ದರ ಬಗ್ಗೆ, ಹೋದದ್ದರ ಬಗ್ಗೆ, ಬಾರದ್ದರ ಬಗ್ಗೆ ಮಾತಾಡಬಲ್ಲ. ಹಿಂದೆಂದೂ ಯಾರೂ ಆಡದ ವಾಕ್ಯವನ್ನು ಹೊಸದಾಗಿ ಹೆಣೆಯಬಲ್ಲ. ಬೇಕಾದರೆ ಸುಳ್ಳೂ ಹೇಳಬಲ್ಲ. "ಆದ್ದರಿಂದ ಅತ್ತೆ, ಹಸುವಿನ ಬಾಯಿಂದ ಮನೆಗೆ ಆಶೀರ್ವಾದ ಬರುತ್ತೆ ಅನ್ನೋದು ವೈಜ್ಞಾನಿಕವಾಗಿ ಸರಿಯಲ್ಲ. ಒಂದು ಬೆಳ್ಳಿ ಹಸು ತಂದಿಟ್ಟರೆ ಸಾಕು."

ಅತ್ತೆ ಪೂರ್ತಿ ಕೇಳಿದರು. ನನ್ನ ಉಪನ್ಯಾಸವನ್ನು ಇಷ್ಟು ಶಾಂತವಾಗಿ ಕೇಳಿದವರು ಬೇರೆ ಯಾರೂ ಇಲ್ಲ.

"ಆತ್ ಬಿಡ್ರಿ. ನಿಮಗ ತಿಳದಂಗ ಮಾಡ್ರಿ," ಎಂದು ಫೋನ್ ಇಟ್ಟರು.

ಶೈಲಾ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. "ಅವ್ವ ಕೇಳಿದ್ದು ಆಕಳಾ," ಎಂದಳು. "ನೀವು ಕೊಟ್ಟಿದ್ದು ಕ್ಲಾಸು."

"ಅಲ್ಲ ಶೈಲಾ, ನಾನು ಹೇಳಿದ್ದರಲ್ಲಿ ತಪ್ಪೇನಿದೆ?"

"ಮಂಡಿ ಆಪರೇಷನ್ ಆದ್ಮ್ಯಾಲ ಅಕಿ ತನ್ನ ಆಕಳಾ ಕೊಟ್ಟುಬಿಟ್ಟಾಳ. ದಿನಾ ಅದರ ಜೋಡಿ ಮಾತಾಡಾಕಿ. ಅದು ಹೋದಾಗಿಂದ ಮನ್ಯಾಗ ಯಾರ ಜೋಡಿನೂ ನೆಟ್ಟಗ ಬಾಯಿ ಬಿಡವಲ್ಲಳು, 'ಹೂಂ', 'ಹೂಂ' ಅಂತ ಅಷ್ಟ. ಇವತ್ತ ತಾನಾಗಿ ಒಂದ್ ಕೇಳಿದ್ಲು. ಅದನ್ನೂ ನೀವು ತಿದ್ದಿದ್ರಿ."

ಅಷ್ಟು ಹೇಳಿ ಶೈಲಾ ನನ್ನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದು ಎಂದರೇನೆಂದು ನನಗೆ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ. ಪ್ರಾಣಿಗಳು ಗುರುಗುಟ್ಟುತ್ತವೆ, ಕಚ್ಚಾಡುತ್ತವೆ, ಸ್ವಲ್ಪ ಹೊತ್ತಿಗೆ ಒಂದರ ಪಕ್ಕ ಒಂದು ಮಲಗಿ ನಿದ್ದೆ ಮಾಡುತ್ತವೆ. ಭಾಷೆಯನ್ನು ಸಂಪೂರ್ಣವಾಗಿ ಕೈಯಲ್ಲಿಟ್ಟುಕೊಂಡು ಅದನ್ನು ಬಳಸದೇ ಇರುವ ಸಾಮರ್ಥ್ಯ ಮನುಷ್ಯನಿಗೆ ಮಾತ್ರ ಉಂಟು. ಅದರಲ್ಲೂ ಶೈಲಾ ಶಾಲೆಯಲ್ಲಿ ಗಣಿತ ಕಲಿಸುವವಳು. ಲೆಕ್ಕ ತಪ್ಪುವುದಿಲ್ಲ.

ನಮ್ಮ ಬಾಡಿಗೆ ಮನೆ ಆ ದಿನಗಳಲ್ಲಿ ಒಂದು ಸಣ್ಣ ಅಭಯಾರಣ್ಯದಂತಾಯಿತು. ಎಲ್ಲವೂ ಶಬ್ದ ಸಂಕೇತಗಳ ಮೂಲಕ. ತಟ್ಟೆಯನ್ನು ಮೆಲ್ಲಗೆ ಇಟ್ಟರೆ 'ಊಟಕ್ಕೆ ಬನ್ನಿ' ಎಂದರ್ಥ. ಜೋರಾಗಿ ಇಟ್ಟರೆ 'ಊಟಕ್ಕೆ ಬನ್ನಿ, ಆದರೆ ಮರೆತಿದ್ದೇನೆ ಅಂದುಕೊಳ್ಳಬೇಡಿ' ಎಂದರ್ಥ. ಸ್ನಾನದ ಮನೆಯ ಚಿಲಕ, ಫ್ರಿಜ್ಜಿನ ಬಾಗಿಲು, ಕುಕ್ಕರಿನ ಸೀಟಿ ಎಲ್ಲಕ್ಕೂ ಒಂದೊಂದು ಅರ್ಥ ಬಂತು. ನಾನು ಧೈರ್ಯ ಮಾಡಿ, "ಏನಾಯ್ತು ಶೈಲಾ?" ಎಂದು ಕೇಳಿದರೆ ಬರುತ್ತಿದ್ದುದು ಒಂದೇ ಉತ್ತರ: "ಏನಿಲ್ಲ."

ಪ್ರಾಣಿಗಳಿಗೆ 'ಇಲ್ಲ' ಎನ್ನಲು ಬರುವುದಿಲ್ಲ ಎಂದು ಅತ್ತೆಗೆ ಹೇಳುವುದನ್ನು ಮರೆತಿದ್ದೆ. ಅದೆಷ್ಟು ದೊಡ್ಡ ಪುಣ್ಯ ಪ್ರಾಣಿಗಳದ್ದು!

ಹೊಸ ಮನೆಯ ಹೊಸ್ತಿಲನ್ನು ಇಬ್ಬರೂ ಜೊತೆಯಾಗಿ ದಾಟಬೇಕು. ಹೀಗೆ ಸೀಟಿ, ಚಿಲಕಗಳಲ್ಲಿ ಮಾತಾಡುತ್ತ ದಾಟುವುದು ಹೇಗೆ? 'ತಪ್ಪಾಯ್ತು' ಎಂದರೆ ಮುಗಿಯುತ್ತಿತ್ತು. ಆದರೆ ಆ ಒಂದು ಪದ ಹೇಳುವುದಕ್ಕಿಂತ ಒಂದು ಹಸುವನ್ನು ಮೂರನೇ ಮಹಡಿಗೆ ತರುವುದು ಸುಲಭ ಎಂದು ನನಗೆ ಅನ್ನಿಸಿತು. ಗಂಡಸರಿಗೆ ಹೀಗೆ ಅನ್ನಿಸುತ್ತದೆ.

ಯಾರಿಗೂ ಹೇಳದೆ ಹಳೆಯ ಹೂಡಿಯ ಓಣಿಗಳಲ್ಲಿ ಹುಡುಕಿ ನಾಗರಾಜನನ್ನು ಹಿಡಿದೆ. ಟ್ಯಾಕ್ಸಿ ಓಡಿಸುವವನು. ಹಸು ಅವನ ತಾಯಿಯದು. ತಾಯಿ ಮಾಲೂರಿನ ಕಡೆ ಮದುವೆಗೆ ಹೋಗಿದ್ದರು. ಕಿವಿಯಲ್ಲಿ ಸಿಕ್ಕಿಸಿಕೊಂಡ ಇಯರ್‌ಫೋನನ್ನು ತೆಗೆಯದೆಯೇ ಅವನು ವ್ಯವಹಾರ ಮಾತಾಡಿದ.

"ಎಷ್ಟ್ನೇ ಮಾಡಿ ಸಾರ್?"

"ಮೂರನೇದು. ಹತ್ತುತ್ತಾ?"

"ಯಾಕ್ ಅತ್ತಲ್ಲ? ಕರೂನ ಮುಂದೆ ಬುಟ್ರೆ ಇಂದೆ ತಾನೇ ಬತ್ತದೆ. ನಮ್ ಪಿಂಕಿ ಬೇಜಾನ್ ಗೃಹಪ್ರವೇಸ ಮಾಡವಳೆ ಸಾರ್."

"ಪಿಂಕಿ?"

"ನನ್ ಮಗ್ಳು ಇಟ್ಟಿರೋ ಹೆಸ್ರು."

"ಹಿಂದೆ ಮೂರನೇ ಮಹಡಿಗೆ ಹೋಗಿದ್ದಾಳಾ?"

"ಅವೆಲ್ಲಾ ನೆಲದ್ ಮೇಲಿರೋ ಮನೆ. ಅತ್ತೋದೇನ್ ದೊಡ್ ವಿಸ್ಯ ಬುಡಿ ಸಾರ್. ಟೆನ್ಸನ್ ತಗೋಬೇಡಿ."

ಮೆಟ್ಟಿಲಿನ ಅಗಲ, ಎತ್ತರ, ತಿರುವು ಎಲ್ಲವನ್ನೂ ನಾನು ಅವನಿಗೆ ವಿವರಿಸಿದೆ. ಹತ್ತುವ ವಿಷಯದಲ್ಲಿ ನಮ್ಮ ಸಿದ್ಧತೆ ಪರಿಪೂರ್ಣವಾಗಿತ್ತು. ಇನ್ನೊಂದು ವಿಷಯವೂ ಇದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ. ಅತ್ತೆ ಹಿಂದಿನ ದಿನವೇ ಬಂದಿದ್ದರು. ಅಯ್ಯನವರು ಮೇಲೆ ಪೂಜೆಗೆ ಅಣಿ ಮಾಡುತ್ತಿದ್ದರು. ನಾನು 'ಹೂವು ತರುತ್ತೇನೆ' ಎಂದು ಗಾಳಿಗೆ ಹೇಳಿ ಕೆಳಗೆ ಬಂದೆ. ನಾಗರಾಜ ಗೇಟಿನಲ್ಲಿದ್ದ. ಪಿಂಕಿಯ ಕೊಂಬಿಗೆ ಅರಿಶಿನ, ಕೊರಳಿಗೆ ಗಂಟೆ. ಪಕ್ಕದಲ್ಲಿ ಕಂದು ಬಣ್ಣದ ಕರು. ಎದುರಿಗೆ ಅಸೋಸಿಯೇಷನ್ನಿನ ಸೆಕ್ರೆಟರಿ ಮೂರ್ತಿಯವರು, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಏನ್ಸಾರ್ ಇದು?"

"ಹಸು."

"ಅದು ಕಾಣಿಸ್ತಿದೆ. ಪೆಟ್ ಅಂತ ರಿಜಿಸ್ಟರ್ ಮಾಡಿಸಿದ್ದೀರಾ?"

"ಇದು ಪೆಟ್ ಅಲ್ಲ ಸಾರ್, ಅತಿಥಿ."

"ಹಾಗಾದ್ರೆ ವಿಸಿಟರ್ ಎಂಟ್ರಿ ಮಾಡಿಸಿ. ರೂಲ್ ಅಂದ್ರೆ ರೂಲ್!"

ಕಾವಲುಗಾರ ಪ್ರಾಮಾಣಿಕ ಮನುಷ್ಯ. ಅತಿಥಿಯ ಹೆಸರೇನೆಂದು ನಾಗರಾಜನನ್ನು ಕೇಳಿದ, ಎಷ್ಟು ಜನ ಎಂದು ಕೇಳಿದ, ಮೊಬೈಲಿನಲ್ಲಿ ಒತ್ತಿದ. ಮೂರನೇ ಮಹಡಿಯಲ್ಲಿ ಶೈಲಾಳ ಮೊಬೈಲು ಟಿಣ್ ಎಂದಿತಂತೆ. 'ನಿಮ್ಮ ಮನೆಗೆ ಪಿಂಕಿ ಬಂದಿದ್ದಾರೆ. ಜೊತೆಗೆ ಒಂದು ಮಗು. ಒಳಗೆ ಬಿಡಬಹುದೇ?'

ಆಗ ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ, ನಾನು ಅಲ್ಲಿರಲಿಲ್ಲ. ಅತ್ತೆ ಹೇಳಿದ ಪ್ರಕಾರ ಶೈಲಾ ಅದನ್ನು ಎರಡು ಸಲ ಓದಿದಳು. ಅತ್ತೆ, "ಯಾರವಾ ಈ ಪಿಂಕಿ?" ಎಂದು ಕೇಳಿದರು. ಶೈಲಾ, "ಗೊತ್ತಿಲ್ಲವ್ವಾ. ಬರ್ಲಿ, ನೋಡೇಬಿಡೂಣು," ಎಂದು ಒಪ್ಪಿಗೆಯ ಗುಂಡಿ ಒತ್ತಿ, ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು.

ಹತ್ತುವುದು ನಿಜಕ್ಕೂ ಸುಲಭವಾಯಿತು. ಕರು ಮುಂದೆ ಕುಣಿಯುತ್ತ ಓಡಿತು. ಪಿಂಕಿ ಹಿಂದೆಯೇ ಗಂಟೆ ಅಲುಗಿಸುತ್ತ, ದಿನವೂ ಹತ್ತುವವಳ ಹಾಗೆ ಹತ್ತಿದಳು. ನಮ್ಮ ಬಾಗಿಲಲ್ಲಿ ಶೈಲಾ ಯುದ್ಧಕ್ಕೆ ಸಿದ್ಧಳಾಗಿ ನಿಂತಿದ್ದಳು. ತಿರುವಿನಲ್ಲಿ ಮೊದಲು ಕರು ಕಾಣಿಸಿತು. ಆಮೇಲೆ ಅರಿಶಿನ ಹಚ್ಚಿದ ಎರಡು ಕೊಂಬು. ಕೊನೆಗೆ ನಾನು.

ಶೈಲಾ ಪಕ್ಕಕ್ಕೆ ಸರಿದಳು. ಪಿಂಕಿ ಬಲಗಾಲಿಟ್ಟು ಒಳಗೆ ಹೋದಳು. ಬಲಗಾಲೇ ಎಂದು ನನ್ನ ದಿನಚರಿಯಲ್ಲಿದೆ. ನಾಲ್ಕು ಕಾಲಿನವರ ವಿಷಯದಲ್ಲಿ ಖಚಿತವಾಗಿ ಹೇಳುವುದು ಕಷ್ಟ. ನಡುಮನೆಯ ಮಧ್ಯೆ ನಿಂತು ಸುತ್ತ ಒಮ್ಮೆ ನೋಡಿ, "ಅಂಬಾ" ಎಂದಳು. ಇನ್ನೂ ಸಾಮಾನು ತುಂಬದ ಮನೆ. ಆ ದನಿ ನಾಲ್ಕೂ ಗೋಡೆಗೆ ಬಡಿದು ಎಲ್ಲ ಕೋಣೆಗಳಿಗೂ ಹೋಗಿಬಂತು.

"ಬಂದ್ಯೇನವಾ?" ಎಂದರು ಅತ್ತೆ.

ಒಂದು ಕುರ್ಚಿ ಎಳೆದುಕೊಂಡು ಪಿಂಕಿಯ ಮುಖದ ಎದುರು ಕೂತರು. ಗಂಗೆದೊಗಲು ನೀವುತ್ತ ಮಾತಾಡತೊಡಗಿದರು. ಮಂಡಿ ಕೊಯ್ದದ್ದು, ಡಾಕ್ಟರು ನೆಲಕ್ಕೆ ಕೂರಬೇಡ ಅಂದದ್ದು, ಹುಬ್ಬಳ್ಳಿಯ ಪ್ಯಾಕೆಟ್ ಹಾಲು ನೀರಿನಂತಿರುವುದು, ತಮ್ಮ ಆಕಳು ಹೋಗುವಾಗ ಗಾಡಿಯಿಂದ ತಿರುಗಿ ನೋಡಿದ್ದು, ಅದು ಈಗ ಯಾವ ಊರಲ್ಲಿದೆಯೋ ಏನೋ ಎನ್ನುವುದು. ಅಯ್ಯನವರು ಮಂತ್ರ ನಿಲ್ಲಿಸಿ ಕಾದರು. ಹೋದದ್ದು, ಇಲ್ಲದ್ದು, ಬಾರದ್ದು, ನನ್ನ ಉಪನ್ಯಾಸದಲ್ಲಿದ್ದ ಎಲ್ಲವೂ ಅತ್ತೆಯ ಬಾಯಿಂದ ಬರುತ್ತಿತ್ತು. ಕೇಳುತ್ತಿದ್ದವಳಿಗೆ ಅದರಲ್ಲಿ ಒಂದೂ ತಿಳಿಯುವಂತಿರಲಿಲ್ಲ. ಪಿಂಕಿ ಕಿವಿ ಆಡಿಸುತ್ತ ನಿಂತಿದ್ದಳು. ಅಷ್ಟು ಸಾಕಾಗಿತ್ತು.

ಶೈಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನನ್ನು ನೋಡಿದಳು. ನಾನು ಕಾದೆ.

"ಅವ್ವಾ, ಅವರಿಗೆ ಹೇಳು, ಆಕಳಕ್ಕ ನೀರು ಇಡಾಕ."

"ಆಕಳಕ್ಕ ನೀರು ಇಡ್ರಿ ಅಂತ," ಎಂದರು ಅತ್ತೆ, ಒಂದು ಮೊಳ ದೂರದಲ್ಲಿದ್ದ ನನಗೆ.

ತಟ್ಟೆಯ ಸದ್ದಿನಿಂದ ದುಭಾಷಿಯ ಹಂತಕ್ಕೆ ಬಡ್ತಿ ಸಿಕ್ಕಿತ್ತು. ಇನ್ನೊಂದೇ ಮೆಟ್ಟಿಲು ಎಂದುಕೊಂಡೆ!

ನಾಗರಾಜ ಅಲ್ಲೇ ಸ್ವಲ್ಪ ಹಾಲು ಕರೆದುಕೊಟ್ಟ. ಹೊಸ ಮನೆಯ ಒಲೆಯ ಮೇಲೆ ಉಕ್ಕಿದ್ದು ಅದೇ ಹಾಲು. ಪೂಜೆ ಮುಗಿಯಿತು, ಊಟ ಮುಗಿಯಿತು. ಪಿಂಕಿ ಬಾಗಿಲಿಗೆ ಕಟ್ಟಿದ್ದ ಬಾಳೆಕಂಬದ ಊಟ ಮುಗಿಸಿದಳು. ನಾಗರಾಜ ಹಗ್ಗ ಹಿಡಿದು, "ಬಾ ಪಿಂಕಿ, ಓಗಾಣ," ಎಂದ.

ಪಿಂಕಿ ಮೆಟ್ಟಿಲ ತುದಿಯವರೆಗೆ ಬಂದಳು. ಕೆಳಗೆ ನೋಡಿದಳು. ಒಂದು ಕಾಲು ಇಟ್ಟಳು. ನುಣುಪಾದ ಗ್ರಾನೈಟಿನ ಮೇಲೆ ಗೊರಸು ಸರ್ರೆಂದು ಜಾರಿತು. ಅವಳು ಸರಕ್ಕನೆ ಹಿಂದೆ ಸರಿದು, ತಿರುಗಿ, ನೇರವಾಗಿ ನಮ್ಮ ನಡುಮನೆಗೆ ಹೋಗಿ ನಿಂತುಬಿಟ್ಟಳು.

"ಹತ್ತಿದವರು ಇಳಿಯಲೇಬೇಕಲ್ಲವಾ?" ಎಂದೆ.

"ನಂಗೇನ್ ಗೊತ್ತು ಸಾರ್? ನೀವು ಅತ್ತಿಸ್ಬೇಕು ಅಂದ್ರಿ, ಅತ್ತಿಸ್ದೆ," ಎಂದ ನಾಗರಾಜ.

ಕರುವನ್ನು ಮುಂದೆ ಬಿಟ್ಟು ನೋಡಿದೆವು. ಕರು ಒಂದು ಮಹಡಿ ಇಳಿದು 'ಅಂಬಾ' ಎಂದಿತು. ಪಿಂಕಿ ಮೇಲಿನಿಂದ 'ಅಂಬಾ' ಎಂದಳು. ಕಾಲಿಡಲು ಹೋಗಿ, ಹೆದರಿ, ಹಿಂದೆ ಸರಿದು ಮತ್ತೆ ಕೂಗಿದಳು. ಆ ಕೂಗಿಗೆ, ಸದ್ದು ಕೇಳಿ ಮೇಲೆ ಬಂದಿದ್ದ ಮೂರ್ತಿಯವರ ಮುಖ ಕೂಡ ಸಣ್ಣದಾಯಿತು. ಅತ್ತೆ ಸಿಟ್ಟಾದರು: "ತಾಯಿ ಮಕ್ಕಳನ್ನ ಅಗಲಿಸಿ ಆಟ ಆಡಬ್ಯಾಡ್ರಿ! ಮೊದಲ ಕರು ಮ್ಯಾಲ ತರ್ರಿ." ಕರು ಮೇಲೆ ಬಂತು.

ಮೂರ್ತಿಯವರು ಸರ್ವಿಸ್ ಲಿಫ್ಟಿಗೆ ಅನುಮತಿ ಕೊಟ್ಟರು. ಪಿಂಕಿಯ ಮುಂಭಾಗ ಒಳಗೆ ಹೋಯಿತು. ಹಿಂಭಾಗಕ್ಕೆ ಜಾಗವಿರಲಿಲ್ಲ. ಲಿಫ್ಟಿನ ಬಾಗಿಲು ಅವಳ ಪಕ್ಕೆಗೆ ಮುಟ್ಟುವುದು, ಹಿಂದೆ ಸರಿಯುವುದು, ಒಳಗಿನಿಂದ ಒಂದು ಹೆಣ್ಣು ದನಿ, "ಪ್ಲೀಸ್ ಕ್ಲೋಸ್ ದಿ ಡೋರ್," ಎನ್ನುವುದು, ಮತ್ತೆ ಬಾಗಿಲು ಮುಟ್ಟುವುದು.

"ಯಾರವಾ ಅಕಿ, ಒಳಗ ಕುಂತು ಒದರಾಕಿ?" ಎಂದರು ಅತ್ತೆ. "ಆಕಳಾ ಸಿಕ್ಕೊಂಡಿದ್ದು ಕಾಣವಲ್ದೇನು ಅಕಿಗೆ?"

ಪಿಂಕಿಯನ್ನು ಹಿಂದಕ್ಕೆ ಎಳೆದು ನಡುಮನೆಗೆ ತಂದೆವು. ಆಗ ಅತ್ತೆ ತಾವೇ ಮುಂದಾದರು. ಅವಳ ಕಿವಿಯಲ್ಲಿ ಬಹಳ ಹೊತ್ತು ಏನೇನೋ ಹೇಳಿದರು. ಎಲ್ಲರೂ ಉಸಿರು ಹಿಡಿದು ನಿಂತೆವು. ಪಿಂಕಿ ಕಣ್ಣು ಅರೆಮುಚ್ಚಿ ಪೂರ್ತಿ ಕೇಳಿದಳು. ಕದಲಲಿಲ್ಲ.

"ತಿಳದೈತಿ ಅಕಿಗೆ. ಆದ್ರ ಒಲ್ಲೆ ಅಂತಾಳ," ಎಂದು ಅತ್ತೆ ವರದಿ ಮಾಡಿ ಕೂತರು.

ಇಲ್ಲಿ ವಿಜ್ಞಾನವು ರಂಗಪ್ರವೇಶ ಮಾಡಬೇಕಾಯಿತು. ಪ್ರಾಣಿಗೆ ಸಂಕೇತ ಬೇಕು. ಸಂಕೇತವನ್ನು ಅಣಕಿಸಿ ಸುಳ್ಳು ಹೇಳುವ ಶಕ್ತಿ ಮನುಷ್ಯನಿಗೆ ಇದೆ. ಕರು ಮೇಲೆಯೇ ಇರಲಿ, ಅದರ ದನಿ ಮಾತ್ರ ಕೆಳಗಿನಿಂದ ಬರಲಿ! ಕರುವನ್ನು ಮಲಗುವ ಕೋಣೆಯಲ್ಲಿ ಕಾಣದಂತೆ ಕಟ್ಟಿಸಿ, ನಾನು ಎರಡನೇ ಮಹಡಿಯ ತಿರುವಿಗೆ ಇಳಿದೆ. ರೇಷ್ಮೆ ಪಂಚೆ, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಶಲ್ಯ. ಗೋಡೆಗೆ ಒರಗಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದೆ.

"ಅಂ... ಬಾ!"

ಎರಡನೇ ಮಹಡಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಒಬ್ಬ ವೃದ್ಧೆ, "ಯಾರಿಗೆ ಹುಷಾರಿಲ್ಲಪ್ಪಾ?" ಎಂದು ಕೇಳಿದರು. ನಾಯಿಗಳು ಬೊಗಳತೊಡಗಿದವು. ನಾನು ಎದೆಗುಂದದೆ ಇನ್ನೂ ಎಳೆಯ ದನಿಯಲ್ಲಿ ಕೂಗಿದೆ.

ನನಗೆ ಉತ್ತರ ಬಂತು! ಆದರೆ ಪಿಂಕಿಯಿಂದಲ್ಲ, ಮಲಗುವ ಕೋಣೆಯಲ್ಲಿದ್ದ ಕರುವಿನಿಂದ. ಅದು ನನ್ನನ್ನು ಏನೆಂದುಕೊಂಡಿತೋ ತಿಳಿಯದು. ತನ್ನ ಕರುವಿನ ನಿಜವಾದ ದನಿ ಕೇಳಿದ ಕೂಡಲೇ ಪಿಂಕಿ ತಿರುಗಿ, ಮೆಟ್ಟಿಲಿಗೆ ಬೆನ್ನು ಹಾಕಿ, ಮಲಗುವ ಕೋಣೆಗೆ ಹೋಗಿ ಕರುವನ್ನು ನೆಕ್ಕುತ್ತ ಮಲಗಿಬಿಟ್ಟಳು. ನ್ಯಾಯವಾಗಿ ನಾವಿಬ್ಬರು ಮೊದಲು ಮಲಗಬೇಕಿದ್ದ ಕೋಣೆ ಅದು.

ನಾನು ಮೇಲೆ ಬಂದಾಗ ಶೈಲಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ನಾನು ದಿನಚರಿಯಲ್ಲಿ ಬರೆದುಕೊಂಡೆ. ಅದು ತಪ್ಪು ಎಂದು ಆಮೇಲೆ ತಿಳಿಯಿತು.

ಸಂಜೆಯಾಗುತ್ತ ಬಂತು. ಮೂರ್ತಿಯವರಿಗೆ ಗ್ರಾನೈಟಿನ ಚಿಂತೆ. "ಮೆಟ್ಟಿಲೆಲ್ಲಾ ಗೀರು ಬಿದ್ದಿದೆ ಸಾರ್. ಪಾಲಿಷ್ ಹೋಯ್ತು! ಇಳಿಸೋಕೆ ಮುಂಚೆ ಏನಾದ್ರೂ ಹಾಸ್ತೀನಿ," ಎಂದು ಹೋಗಿ, ಅಪಾರ್ಟ್‌ಮೆಂಟಿನ ಯೋಗ ತರಗತಿಯ ಚಾಪೆಗಳನ್ನೆಲ್ಲ ಹೊರಿಸಿಕೊಂಡು ಬಂದರು. ರಬ್ಬರಿನ ಚಾಪೆಗಳು, ನೀಲಿ, ಗುಲಾಬಿ, ನೇರಳೆ. ಕೆಳಗಿನವರೆಗೂ ಹಾಸಿಸಿದರು. ಅವರ ಕಾಳಜಿ ಪೂರ್ತಿ ಕಲ್ಲಿನ ಮೇಲಿತ್ತು.

ಅದೇ ಹೊತ್ತಿಗೆ ನಾಗರಾಜನ ಫೋನ್ ಬಡಿಯಿತು. ಅವನ ತಾಯಿ. ಅವನು ಹೆದರಿ ಇಯರ್‌ಫೋನ್ ಕಿತ್ತಾಗ ಸ್ಪೀಕರ್ ಆನ್ ಆಯಿತು.

"ಲೋ ನಾಗ! ಅಸೂನ ಮೂರ್ನೇ ಮಾಡಿಗ್ ಅತ್ತಿಸಿದ್ದೀಯಂತೆ? ನಿನ್ ತಲೇಲಿ ಏನ್ಲಾ ಐತೆ, ಬೂಸಾನಾ?"

ಮಲಗುವ ಕೋಣೆಯಲ್ಲಿ ಗಂಟೆ ಅಲುಗಿತು. ಪಿಂಕಿ ಎದ್ದು ಬಂದಳು. ಕಿವಿ ನೆಟ್ಟಗಾಗಿತ್ತು. ನೇರವಾಗಿ ನಾಗರಾಜನ ಕೈಯ ಬಳಿ ಬಂದು ಫೋನನ್ನು ಮೂಸಿದಳು. ಅದರ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಕತ್ತು ಚಾಚಿ ನೋಡಿದಳು. ಅವಳ ಪಾಲಿಗೆ ದನಿ ಇದ್ದ ಮೇಲೆ ಆ ಹೆಂಗಸೂ ಇಲ್ಲೇ ಎಲ್ಲೋ ಇರಬೇಕು. ಮಾಲೂರಿನಲ್ಲಿದ್ದುಕೊಂಡು ಹೂಡಿಯಲ್ಲಿ ಬೈಯಬಹುದು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

"ಅವ್ವಾ, ಮಡಗ್ಬೇಡ, ಬೈತಾ ಇರು!" ಎಂದು ನಾಗರಾಜ ಕೂಗಿ, ಫೋನನ್ನು ಮುಂದೆ ಹಿಡಿದು ಮೆಟ್ಟಿಲಿಳಿದ.

"ಬೈತಾ ಇರು ಅಂತ ಬೇರೆ ಏಳ್ತೀಯಾ? ಮನೇಗ್ ಬಾ, ಐತೆ ನಿಂಗೆ! ಅದ್ಕೆ ಏನಾರಾ ಆಗ್ಬೇಕು, ನಿನ್ ಕಾಲ್ ಮುರೀತೀನಿ..."

ಪಿಂಕಿ ಗುಲಾಬಿ ಚಾಪೆಯ ಮೇಲೆ ಒಂದು ಕಾಲಿಟ್ಟಳು. ಜಾರಲಿಲ್ಲ. ಇನ್ನೊಂದಿಟ್ಟಳು. ಬೈಗುಳ ಒಂದು ಮೆಟ್ಟಿಲು ಮುಂದೆ, ಪಿಂಕಿ ಒಂದು ಮೆಟ್ಟಿಲು ಹಿಂದೆ. ನಾಗರಾಜನ ತಾಯಿ ಪಿಂಕಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದೆಲ್ಲ ಮಗನಿಗೆ, ಅದೂ ಬರೆಯಲಾಗದಂಥವು. ಪಿಂಕಿಗೆ ಅರ್ಥದ ಹಂಗಿರಲಿಲ್ಲ. ತನ್ನವರ ದನಿ ಬರುತ್ತಿರುವ ದಿಕ್ಕಿಗೆ ಅವಳು ಹೆದರಿಕೆ ನುಂಗಿಕೊಂಡು ಇಳಿಯುತ್ತಿದ್ದಳು.

ಬಾಲದ ಹಿಂದೆ ಇಳಿಯುತ್ತಿದ್ದ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಆ ದಿನಗಳಲ್ಲಿ ಯಾರಾದರೂ ನನ್ನನ್ನು ಹಾಗೆ ಬೈಯುತ್ತ ಮುಂದೆ ನಡೆದಿದ್ದರೆ ನಾನೂ ಮೂರು ಮಹಡಿ ಹೀಗೆಯೇ ಇಳಿಯುತ್ತಿದ್ದೆ. ಚಾಪೆ ಇಲ್ಲದೆಯೇ.

ಶೈಲಾ ಕರುವನ್ನು ಲಿಫ್ಟಿನಲ್ಲಿ ಕರೆದುಕೊಂಡು ಮೊದಲೇ ಕೆಳಗೆ ಬಂದು ನಿಂತಿದ್ದಳು. ಪಿಂಕಿ ನೆಲ ಮುಟ್ಟಿದ ಕೂಡಲೇ ಕರು ಕೆಚ್ಚಲಿಗೆ ಬಾಯಿ ಹಾಕಿತು. ಮೂರ್ತಿಯವರು ತಮಗೆ ಅರಿವಿಲ್ಲದೆ ಚಪ್ಪಾಳೆ ಹೊಡೆದು, ಕೂಡಲೇ ನಿಲ್ಲಿಸಿ, "ಚಾಪೆ ತೊಳೆಸಿ ಕೊಡ್ಬೇಕು ಸಾರ್," ಎಂದರು. ಪಿಂಕಿ ಬೈಗುಳದ ಹಿಂದೆ ಗೇಟು ದಾಟಿ ಹೋದಳು.

ನಾನು, ಶೈಲಾ ಇಬ್ಬರೇ ಉಳಿದೆವು. ಮಾತಿಲ್ಲದೆ ಚಾಪೆ ಸುತ್ತುತ್ತ ಮೇಲೆ ಹತ್ತತೊಡಗಿದೆವು. ಅವಳು ಒಂದು ತುದಿ, ನಾನು ಒಂದು ತುದಿ. ಎರಡನೇ ಮಹಡಿಯ ತಿರುವಿನಲ್ಲಿ, ನಾನು ಕರುವಾಗಿದ್ದ ಅದೇ ಜಾಗದಲ್ಲಿ, "ತಪ್ಪಾಯ್ತು ಶೈಲಾ," ಎಂದೆ. ಕಾರಣ ಸೇರಿಸಲಿಲ್ಲ, ಉದಾಹರಣೆ ಕೊಡಲಿಲ್ಲ. ನನ್ನ ಮಟ್ಟಿಗೆ ಅದೊಂದು ದಾಖಲೆ.

ಅವಳು ನೇರಳೆ ಚಾಪೆಯನ್ನು ಸುತ್ತಿ ನನ್ನ ಕಂಕುಳಿಗೆ ಸಿಕ್ಕಿಸಿದಳು.

ಮೇಲೆ ಬಂದರೆ ನಮ್ಮ ಬಾಗಿಲಿಗೆ ಅತ್ತೆ ಅಡ್ಡವಾಗಿ ಕೈ ಚಾಚಿ ನಿಂತಿದ್ದರು. ಬೆಳಗಿನಿಂದ 'ಹೂಂ' ದಾಟಿ ಬಂದ ಗೆಲುವು ಅವರ ಮುಖದಲ್ಲಿ ಇನ್ನೂ ಇತ್ತು. "ಹಂಗ ಬಿಡಾಂಗಿಲ್ಲ. ಗಂಡನ ಹೆಸರ ಹೇಳಿ ಒಳಗ ಬಾ," ಎಂದರು ಮಗಳಿಗೆ.

ಅವರ ಕಡೆ ಇದೊಂದು ಪದ್ಧತಿ. ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು ಹೇಳಬೇಕು. ಬೇರೆಯವರ ಒಡಪು ಕದ್ದರೆ ನಗೆಪಾಟಲು. ನಾನು ಎರಡೂ ಕಂಕುಳಲ್ಲಿ ಯೋಗದ ಚಾಪೆ ಹಿಡಿದು ನಿಂತಿದ್ದೆ. ಆ ಕ್ಷಣ ಅವಳು ತಾಯಿಯ ಕೈ ಸರಿಸಿ ಸುಮ್ಮನೆ ಒಳಗೆ ಹೋಗಿಬಿಡಬಹುದಿತ್ತು. ಹೋದರೆ ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ.

ಶೈಲಾ ನೆಲ ನೋಡುತ್ತ ಬೆರಳು ಮಡಚಿ ಪ್ರಾಸ ಎಣಿಸಿದಳು. ಆಮೇಲೆ ತಲೆಯೆತ್ತಿ, ತಾಯಿಯನ್ನಲ್ಲ, ನನ್ನನ್ನು ನೋಡುತ್ತ ಹೇಳಿದಳು:

"ಪಾವಟಿಗಿ ಹತ್ತಿದ ಆಕಳಾ ಇಳಿಯಾಕ ಅಂಜಿತ್ತ,
ಕರುವಿನಂಗ ಒದರೋ ಗಂಡನ್ನ ಬಿಲ್ಡಿಂಗೆಲ್ಲಾ ನೋಡಿತ್ತ,
ಇಷ್ಟ್ ದಿನಾ ನನ್ನ ಬಾಯಿಗೆ ಬೀಗ ಬಿದ್ದಿತ್ತ,
ಚಂದ್ರಶೇಖರ ಅನ್ನೂ ಹೆಸರ ಒಳಗ ಕಾದು ಕುಂತಿತ್ತ."

ಅತ್ತೆ ಕೈ ಇಳಿಸಿದರು. ನಗುತ್ತಲೇ ಇದ್ದರು. ನನ್ನ ಕಣ್ಣು ತುಂಬಿ ಬಂತು ಎಂದು ದಿನಚರಿಯಲ್ಲಿದೆ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ, ಒಂದು ಚಾಪೆ ಕೆಳಗೆ ಬಿತ್ತು ಎನ್ನುತ್ತಾಳೆ ಶೈಲಾ. ಎರಡೂ ನಿಜವಿರಬಹುದು.

"ನೋಡಿದ್ಯಾ ಶೈಲಾ," ಎಂದೆ, ಬಿದ್ದ ಚಾಪೆಯನ್ನು ಎತ್ತಿಕೊಳ್ಳುತ್ತ. "ನಾನು ಅವತ್ತು ಹೇಳಿದ್ದು ಇದನ್ನೇ. ಇಂಥ ಹೊಸ ವಾಕ್ಯವನ್ನು ಸೃಷ್ಟಿಸುವ ಶಕ್ತಿ ಬೇರೆ ಯಾವ ಪ್ರಾಣಿಗೂ..."

"ಏನ್ರೀ," ಎಂದಳು. ನೇರವಾಗಿ ನನಗೆ! ಮಧ್ಯೆ ಅತ್ತೆಯಿಲ್ಲ, ತಟ್ಟೆಯಿಲ್ಲ. "ಬೆಡ್‌ರೂಮಿನ್ಯಾಗ ಸೆಗಣಿ ಹಂಗ ಬಿದ್ದೈತಿ. ಭಾಷಣ ಸಾಕು, ಹೋಗಿ ಎತ್ತಿ ಒರಸ್ರಿ. ಮೂಲ್ಯಾಗೂ ನೋಡ್ರಿ, ಕಣ್ಣು ಕಾಣವಲ್ವೇನು ನಿಮಗ?"

ನಾನು ಪಂಚೆ ಎತ್ತಿ ಕಟ್ಟಿ, ಬಕೆಟ್ಟು ಬಟ್ಟೆ ಹಿಡಿದು ಒಳಗೆ ಹೋದೆ. ಒರೆಸುತ್ತಿದ್ದಂತೆ ಅಡುಗೆಮನೆಯಿಂದ ಅವಳ ದನಿ ಬರುತ್ತಲೇ ಇತ್ತು. ಒಂದು ಹಸು ತರುವವರು ಮೊದಲು ಹೇಳಬಾರದಾ, ರೇಷ್ಮೆ ಪಂಚೆಯಲ್ಲಿ ಯಾರಾದರೂ ಹೀಗೆ ಕೂಗುತ್ತಾರಾ, ನಾಳೆ ಎರಡನೇ ಮಹಡಿಯವರಿಗೆ ಮುಖ ತೋರಿಸುವುದು ಹೇಗೆ. ಆ ಬೈಗುಳ ಎಷ್ಟು ಹಿತವಾಗಿತ್ತೆಂದರೆ, ಒಂದು ಮೂಲೆಯನ್ನು ಬೇಕೆಂದೇ ಒರೆಸದೆ ಬಿಟ್ಟೆ.